ಕಾಲುದಾರಿಗೂ ಒಂದು ನಕ್ಷೆ ಬೇಕು

ಮಕ್ಕಳೇ, ನಿಮ್ಮಲ್ಲಿ ಎಷ್ಟು ಮಂದಿ ಶಾಲೆಗೆ ನಡೆದು ಬರುತ್ತೀರಿ? ನನ್ನ ತರಗತಿಯಲ್ಲಿ ಕೇಳಿದಾಗ ನಾಲ್ಕೇ ಜನ ಕೈ ಎತ್ತಿದರು. ನಾವು ಓದುವಾಗ ಗದ್ದೆಯ ಹುಣಿ, ತೋಡಿನ ಕಾಲುಸಂಕ, ಆಮೇಲೆ ಪದವು ದಾಟಿ ಬರ್ತಿದ್ದೆವು. ಈಗ ಆ ದಾರಿಯ ತುಂಬ ಪೊದೆ.

ಬಸ್ಸು ಇದೆಯಲ್ಲ, ದಾರಿ ಹೋದರೇನು ಅಂತೀರಾ? ದಾರಿಯ ಜೊತೆ ಪಾಠವೂ ಹೋಗುತ್ತದೆ. ನಮ್ಮ ಕಾಸರಗೋಡಿನ ಪದವುಗಳನ್ನು ಜನ ಬಂಜರು ಅಂತಾರೆ. ಆದರೆ ಮುರಕಲ್ಲಿನ ತೂತುಗಳಲ್ಲಿ ಇಳಿದ ಮಳೆನೀರೇ ಗುಡ್ಡದ ಬದಿಯಲ್ಲಿ ಕೊರೆದ ಸುರಂಗಗಳಲ್ಲಿ ಒಸರುತ್ತದೆ, ಪಂಪು ಬೇಕಿಲ್ಲ. ಮಳೆಗಾಲದಲ್ಲಿ ಅದೇ ಕಲ್ಲಿನ ಮೇಲೆ, ಸಣ್ಣ ಜೀವಿಗಳನ್ನು ಹಿಡಿದು ತಿನ್ನುವ ಯುಟ್ರಿಕ್ಯುಲೇರಿಯಾ ಗಿಡ ನೀಲಿ ಹೂ ಬಿಡುತ್ತದೆ. ಬಸ್ಸಿನ ಕಿಟಕಿಯಿಂದ ಇದು ಕಾಣದು. ನಾವು ನೋಡಿಯೇ ಇರದ ಪದವನ್ನು ಕಲ್ಲುಕೋರೆಗೆ ಕೊಟ್ಟರೆ ಕೇಳುವವರು ಯಾರು?

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1949ರ ಕಾನೂನು, ಜನ ನಡೆಯುವ ಹಕ್ಕಿರುವ ಕಾಲುದಾರಿಗಳ ನಕ್ಷೆ ಮಾಡಲು ಕೌಂಟಿ ಕೌನ್ಸಿಲುಗಳಿಗೆ ಹೇಳಿತು. ಆ ನಕ್ಷೆಯಲ್ಲಿರುವ ದಾರಿಯನ್ನು ಜಾಗದ ಯಜಮಾನ ಕೂಡ ತನ್ನಿಷ್ಟಕ್ಕೆ ಮುಚ್ಚುವ ಹಾಗಿಲ್ಲ.

ನಕ್ಷೆ ಮಾಡಲು ನಾವು ಕಾನೂನಿಗೆ ಕಾಯಬೇಕಿಲ್ಲ. ನಿಮ್ಮ ವಿಜ್ಞಾನ ಸಂಘ ಈ ವರ್ಷ ಒಂದೇ ಒಂದು ದಾರಿ ಆರಿಸಲಿ. ಅಜ್ಜ ಅಜ್ಜಿಯರನ್ನು ವಿಚಾರಿಸಿ. ಜಾಗದವರ ಒಪ್ಪಿಗೆ ಪಡೆದು, ಮಾಸ್ತರರ ಜೊತೆ ನಡೆಯಿರಿ. ಬಾವಿ, ಮದಕ, ಸುರಂಗ, ಸಂಕ, ಹಳೆಯ ಮರ ಎಲ್ಲವನ್ನೂ ಗುರುತಿಸಿ. ಸುರಂಗದ ಒಳಗೆ ಮಾತ್ರ ಹೋಗಬೇಡಿ. ಹಿರಿಯರು ಹೇಳುವ ಜಾಗದ ಹೆಸರುಗಳನ್ನು ಹಾಗೆಯೇ ಕನ್ನಡದಲ್ಲಿ ಬರೆಯಿರಿ. ಒಂದು ಪ್ರತಿ ಶಾಲೆಯ ಗೋಡೆಗೆ, ಇನ್ನೊಂದು ಪಂಚಾಯತಿಗೆ. ಮುಂದಿನ ಮಳೆಗಾಲಕ್ಕೆ ಅದೇ ದಾರಿಯಲ್ಲಿ ಮತ್ತೊಮ್ಮೆ ನಡೆದು, ಏನೇನು ಬದಲಾಗಿದೆ ನೋಡಿ.