ಹಾಜರಿ ಪುಸ್ತಕದಾಚೆ

ಸಕಲೇಶಪುರ, ಆಲೂರು ಸೀಮೆಯ ಕಾಫಿ ತೋಟದ ಮನೆಯಲ್ಲಿ ಮಗನು ಬಿ.ಎ.ಗೆ ಮಾನವಶಾಸ್ತ್ರ ಓದುವೆನೆಂದರೆ ತಂದೆ ಕೇಳುವುದು ಒಂದೇ: ‘ಅದರಿಂದ ಹೊಟ್ಟೆ ತುಂಬೀತೆ?’ ಪ್ರಶ್ನೆ ಸಹಜವೇ. ಮೈಸೂರಿನ ಎಂ. ಎನ್. ಶ್ರೀನಿವಾಸರು ಮಾನವಶಾಸ್ತ್ರವೂ ಒಂದು ಪಾಠವಾಗಿದ್ದ ಸಮಾಜದರ್ಶನದಲ್ಲಿ 1936ರಲ್ಲಿ ಆನರ್ಸ್ ಮುಗಿಸಿದರು. ಮುಂದೆ ಅವರು ಅಧ್ಯಯನಕ್ಕೆ ಆರಿಸಿಕೊಂಡದ್ದು ದೂರದ ದ್ವೀಪವನ್ನಲ್ಲ, ಸಕಲೇಶಪುರದ ಗಡಿಗೆ ತಾಗಿದ ಕೊಡಗನ್ನು. 1952ರ ಆ ಗ್ರಂಥದಿಂದಲೇ ‘ಸಂಸ್ಕೃತೀಕರಣ’ವೆಂಬ ಮಾತು ವಿದ್ವಾಂಸರಲ್ಲಿ ನೆಲೆಯೂರಿತು.

ತೋಟದ ಹುಡುಗನು ಅಷ್ಟು ದೂರವೂ ಹೋಗಬೇಕಿಲ್ಲ. ಲೈನುಗಳಲ್ಲಿ ತಲೆಮಾರುಗಳಿಂದ ದುಡಿಯುವವರ ಮೂಲ ಊರು, ಮನೆದೇವರು ಯಾವುದೆಂದು ಧಣಿಗಳ ಮನೆಯಲ್ಲಿ ಬಲ್ಲವರೆಷ್ಟು ಮಂದಿ? ಬಲ್ಲದ್ದು ಹಾಜರಿ ಪುಸ್ತಕದ ಹೆಸರನ್ನು ಮಾತ್ರ! ರಜೆಗೆ ಬಂದ ವಿದ್ಯಾರ್ಥಿಯು ನೋಟುಪುಸ್ತಕ ಹಿಡಿದು ಆ ಬಾಗಿಲಲ್ಲಿ ನಿಂತರೆ, ಒಳಗಿನ ಅಜ್ಜಿ ಗಾಬರಿಯಿಂದ ಎದ್ದು ಕೇಳುತ್ತಾಳೆ: ‘ಸಣ್ಣ ಗೌಡ್ರೇ, ಹಾಜರಿ ಬರ್ಕೊಳ್ಳೋಕೆ ಬಂದ್ರಾ?’