ಗೆರೆಯೂ ನೆಲವೂ

ಬೆಂಗಳೂರಿನ ಕುಮಾರ ಪಾರ್ಕಿನ ಬೀದಿಗಳಲ್ಲಿ ಬೆಳಗಿನ ಹೊತ್ತು ನಡೆದುಹೋಗುವವರಿಗೆ, ನೀರು ಚಿಮುಕಿಸಿ ಗುಡಿಸಿದ ಅಂಗಳದಲ್ಲಿ ಬಾಗಿ ನಿಂತು, ಹೆಬ್ಬೆರಳು ತೋರುಬೆರಳುಗಳ ನಡುವಿನಿಂದ ರಂಗೋಲಿಯ ಪುಡಿಯನ್ನು ಎಳೆಯೆಳೆಯಾಗಿ ಬಿಡುವ ಗೃಹಿಣಿಯರು ಇಂದಿಗೂ ಕಾಣಸಿಗುವರು. ನೆಲ ತೀರ ಒದ್ದೆಯಾಗಿದ್ದರೆ ಎಳೆ ಕದಡುತ್ತದೆ, ತೀರ ಒಣಗಿದ್ದರೆ ಗಾಳಿಗೆ ಹಾರುತ್ತದೆ. ಆ ಹದವನ್ನು ಬಲ್ಲ ಬೆರಳಿಗೆ ಮಾತ್ರ ಗೆರೆಯು ಕಡಿಯದೆ ಚುಕ್ಕಿಯಿಂದ ಚುಕ್ಕಿಗೆ ಸಾಗುತ್ತದೆ.

ಚಿತ್ರವು ಚಿತ್ರಕಾರನ ಮನಸ್ಸಿನಲ್ಲಿ ಮೊದಲೇ ಸಿದ್ಧವಾಗಿರುವುದೆಂದೂ, ಉಪಕರಣವೂ ಫಲಕವೂ ಅದನ್ನು ಹೊತ್ತು ತರುವ ಆಳುಗಳೆಂದೂ ನಂಬಿದವರು ಈ ಹದವನ್ನು ಕಣ್ಣಿಟ್ಟು ನೋಡಬೇಕು. ಇಂದು ಕಚೇರಿಯ ಫೈಲಿಗೆ ತನ್ನ ಹೆಸರನ್ನು ಬಿಟ್ಟುಕೊಟ್ಟಿರುವ ಕಡತವು ಹಿಂದೆ ಹುಣಿಸೆಬೀಜದ ಸರಿಯನ್ನೂ ಇದ್ದಿಲಪುಡಿಯನ್ನೂ ಬಳಿದು ಮಡಿಚಿಟ್ಟ ಬಟ್ಟೆಯಾಗಿದ್ದು, ಬಳಪ ತಾಗಿದೊಡನೆ ಕಪ್ಪಿನ ಮೇಲೆ ಬಿಳುಪನ್ನು ತೋರುತ್ತಿತ್ತು. ಓಲೆಗರಿಯಾದರೋ ಕಂಟದಿಂದ ಕೊರೆಸಿಕೊಂಡು, ಮಸಿ ಪೂಸಿದ ಮೇಲಷ್ಟೇ ತನ್ನ ಅಕ್ಷರವನ್ನು ಕಾಣಗೊಡುತ್ತಿತ್ತು.

ಇಷ್ಟನ್ನು ಬಲ್ಲ ನಾಡಿನಲ್ಲಿ, ಕುಮಾರಕೃಪಾ ರಸ್ತೆಯಲ್ಲಿ 2003ರಲ್ಲಿ ಆರಂಭವಾದ ಚಿತ್ರಸಂತೆಗೆ ಬಂದವರು ಕ್ಯಾನ್ವಾಸೂ ಕುಂಚವೂ ಇಲ್ಲದ ಕೃತಿಯ ಮುಂದೆ ನಿಂತು ‘ಇದೂ ಕಲೆಯೇ?’ ಎಂದು ಕೇಳುವುದು ನನ್ನನ್ನು ನೋಯಿಸುತ್ತದೆ. ಇಲ್ಲಿಗೆ ಸಮೀಪದ ಶೇಷಾದ್ರಿಪುರದಲ್ಲಿ ಆರ್. ಎಂ. ಹಡಪದರು ಕಟ್ಟಿ ಬೆಳೆಸಿದ ಕೆನ್ ಕಲಾಶಾಲೆಯಲ್ಲಿ ಕಲಿತು, ಎಣ್ಣೆಬಣ್ಣದಲ್ಲಿ ನುರಿತಿದ್ದ ಶೀಲಾ ಗೌಡ ಅವರು, ದೇಶವು ಕೋಮುಹಿಂಸೆಯಲ್ಲಿ ಬೇಯುತ್ತಿದ್ದ 1990ರ ದಶಕದ ಆರಂಭದಲ್ಲಿ ಸಗಣಿಯನ್ನು ಕೈಗೆತ್ತಿಕೊಂಡರು. ಪೂಜೆಗೂ ಒಲೆಗೂ ಸಲ್ಲುವ ಆ ವಸ್ತುವಿನಲ್ಲಿದ್ದ ಮಾತು ಬಣ್ಣದ ಟ್ಯೂಬಿನಲ್ಲಿರಲಿಲ್ಲ. 1998ರ ‘ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್’ ಎಂಬ ಕೃತಿಯಲ್ಲಿ ಸೂಜಿಗಳ ಕಣ್ಣಿನ ಮೂಲಕ ಎಳೆದ ನೂರಾರು ಅಡಿ ದಾರವನ್ನು ಕುಂಕುಮದಿಂದಲೂ ಅಂಟಿನಿಂದಲೂ ಒಂದುಗೂಡಿಸಿ, ತುದಿಯಲ್ಲಿ ಸೂಜಿಗಳ ಗೊಂಚಲನ್ನು ಹಾಗೆಯೇ ಉಳಿಸಿ, ಗೋಡೆಯಿಂದ ನೆಲಕ್ಕೂ ನೆಲದಿಂದ ಗೋಡೆಗೂ ಹರಿಯಬಿಟ್ಟರು. ಸೂಜಿ ಲೇಖನಿಯಾಯಿತು, ಕೋಣೆಯೇ ಹಾಳೆಯಾಯಿತು. ದೂರದಿಂದ ಕೆಂಪು ಗೆರೆಯಾಗಿ ತೋರುವುದು ಹತ್ತಿರ ಹೋದಾಗ ಒಳಗಿಂದ ತೆಗೆದಿಟ್ಟ ಕರುಳಿನಂತೆ ಕಾಣುತ್ತದೆ. 2007ರಲ್ಲಿ ಜರ್ಮನಿಯ ಕಾಸೆಲ್ ನಗರದ ಡಾಕ್ಯುಮೆಂಟಾ ಪ್ರದರ್ಶನದಲ್ಲಿ ಅವರು ಊದುಬತ್ತಿಯ ಹಿಟ್ಟನ್ನು ತಂತಿಬಲೆಯ ಮೇಲೆ ಹಾಸಿ ಸುಟ್ಟು, ಉಳಿದ ಬೂದಿಯನ್ನೇ ಚಿತ್ರವಾಗಿ ನಿಲ್ಲಿಸಿದರು. ಬೆಂಕಿ ಎಳೆದ ಗೆರೆಯನ್ನು ತಿದ್ದುವುದು ಯಾರಿಂದ ಸಾಧ್ಯ!

ಇಂಥ ಕಲೆಯನ್ನು ಪರದೇಶದ ಹುಚ್ಚೆಂದು ತಳ್ಳಿಹಾಕುವವರು ಕುಂಕುಮ, ಸಗಣಿ, ಊದುಬತ್ತಿಗಳು ಯಾರ ಮನೆಯವೆಂಬುದನ್ನು ಮರೆತಿರುವರು. ಈ ಮರೆವು ಮೊದಲಾಗುವುದು ತರಗತಿಯಲ್ಲಿ, ಎಲ್ಲ ಮಕ್ಕಳ ಮುಂದೆಯೂ ಒಂದೇ ಬಿಳಿಹಾಳೆ, ಒಂದೇ ಕ್ರೆಯಾನಿನ ಡಬ್ಬಿ ಇಟ್ಟ ದಿನ. ಚಿತ್ರಕಲೆಯ ಪಿರಿಯಡ್ಡಿನಲ್ಲಿ ಒಂದು ದಿನವಾದರೂ ಆ ಡಬ್ಬಿಯನ್ನು ಮುಚ್ಚಿಟ್ಟು, ಇದ್ದಿಲಿನ ಒಂದೇ ತುಂಡನ್ನು ಮಗುವಿನ ಕೈಗೆ ಕೊಟ್ಟು, ಉಪ್ಪುಕಾಗದದ ಮೇಲೂ ಒದ್ದೆಬಟ್ಟೆಯ ಮೇಲೂ ಹಳೆಯ ಹೆಂಚಿನ ಮೇಲೂ ಅದೇ ಗೆರೆಯನ್ನು ಎಳೆಯಹೇಳೋಣ. ಎಲ್ಲಿ ಇದ್ದಿಲು ತಡೆಯಿತು, ಎಲ್ಲಿ ಜಾರಿತು ಎಂಬುದನ್ನು ಮಗುವೇ ನಮಗೆ ಹೇಳಲಿ.