ಲೆಕ್ಕಕ್ಕೆ ಸಿಗದ ನಿರುದ್ಯೋಗ

2023ರ ಜುಲೈಯಿಂದ 2024ರ ಜೂನ್‌ವರೆಗಿನ ಅವಧಿಯಲ್ಲಿ ದೇಶದ ನಿರುದ್ಯೋಗದ ಪ್ರಮಾಣ ಶೇ. 3.2 ಎಂದು ಕೇಂದ್ರ ಸರಕಾರದ ಶ್ರಮಶಕ್ತಿ ಸಮೀಕ್ಷೆ ಹೇಳಿತು. 2017-18ರಲ್ಲಿ ಇದು ಶೇ. 6.1 ಇತ್ತು. ಅಂದರೆ ಆರು ವರ್ಷಗಳಲ್ಲಿ ನಿರುದ್ಯೋಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ. ಆಡಳಿತ ಪಕ್ಷದವರು ಇದನ್ನು ಸಾಧನೆಯೆನ್ನುತ್ತಾರೆ, ವಿರೋಧ ಪಕ್ಷದವರು ಹಸಿ ಸುಳ್ಳೆನ್ನುತ್ತಾರೆ. ನಮ್ಮ ದೃಷ್ಟಿಯಲ್ಲಿ ಇವೆರಡೂ ಅವಸರದ ಮಾತುಗಳು. ಅಂಕಿ ಸುಳ್ಳಲ್ಲ. ಆದರೆ ಅದು ಯಾವ ಪ್ರಶ್ನೆಗೆ ಉತ್ತರವೆಂಬುದನ್ನು ಜನರಿಗೆ ಯಾರೂ ತಿಳಿಸುತ್ತಿಲ್ಲ.

ಸಮೀಕ್ಷೆಯ ಭಾಷೆಯಲ್ಲಿ ಕೆಲಸವಿಲ್ಲದವರೆಲ್ಲರೂ ನಿರುದ್ಯೋಗಿಗಳಲ್ಲ. ಕೆಲಸವಿಲ್ಲದೆ, ಅದನ್ನು ಹುಡುಕುತ್ತಿರುವ ಅಥವಾ ಸಿಕ್ಕರೆ ಮಾಡಲು ಸಿದ್ಧರಿರುವವರು ಮಾತ್ರ ನಿರುದ್ಯೋಗಿಗಳು. 15 ವರ್ಷ ಮೀರಿದ 100 ಮಂದಿಯಲ್ಲಿ ಸುಮಾರು 60 ಮಂದಿ ಕೆಲಸದಲ್ಲಿದ್ದಾರೆ ಇಲ್ಲವೇ ಕೆಲಸ ಬಯಸುತ್ತಿದ್ದಾರೆ. ಶೇ. 3.2 ಎಂಬುದು ಈ 60 ಮಂದಿಯ ಮೇಲಿನ ಲೆಕ್ಕ. ಉಳಿದ 40 ಮಂದಿ ಲೆಕ್ಕದ ಹೊರಗಿದ್ದಾರೆ. ಅಲೆದು ಅಲೆದು ಸೋತು ಆಸೆ ಬಿಟ್ಟವನೂ ಆ 40ರಲ್ಲಿ ಸೇರಿಹೋಗುತ್ತಾನೆ. ಅವನು ಕೈಚೆಲ್ಲಿದ ದಿನ ನಿರುದ್ಯೋಗದ ಪ್ರಮಾಣ ಇಳಿಯುತ್ತದೆ!

ಇನ್ನು 'ಕೆಲಸ' ಎಂದರೇನು? ವರ್ಷದ ಲೆಕ್ಕದಲ್ಲಿ 30 ದಿನ ದುಡಿದಿದ್ದರೂ ಉದ್ಯೋಗಸ್ಥನೆನಿಸಬಹುದು. ವಾರದ ಲೆಕ್ಕದಲ್ಲಂತೂ ಏಳು ದಿನಗಳ ಪೈಕಿ ಒಂದು ದಿನ ಒಂದು ಗಂಟೆ ದುಡಿದಿದ್ದರೆ ಸಾಕು. ಇದು ನಮ್ಮ ಸರಕಾರ ಹೂಡಿದ ತಂತ್ರವಲ್ಲ, ಒಂದು ಗಂಟೆಯ ಸೂತ್ರ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯದು. ಆದರೆ ನಮ್ಮಂತಹ ದೇಶದ ನಿರುದ್ಯೋಗವನ್ನು ಒಂದೇ ಅಂಕಿಯಲ್ಲಿ ಹಿಡಿಯಲಾಗದೆಂದು ದಾಂತವಾಲಾ ಸಮಿತಿ 1970ರಲ್ಲಿಯೇ ಎಚ್ಚರಿಸಿತ್ತು. ಅರ್ಧ ಶತಮಾನ ಕಳೆದರೂ ನಮ್ಮ ರಾಜಕೀಯ ಚರ್ಚೆ ಒಂದೇ ಅಂಕಿಗೆ ಜೋತುಬಿದ್ದಿದೆ.

ಬಿ.ಕಾಂ. ಮುಗಿಸಿದ ಯುವಕನೊಬ್ಬ ನೌಕರಿ ಸಿಗದೆ ತಂದೆಯ ಅಂಗಡಿಯಲ್ಲಿ ಕುಳಿತಿದ್ದಾನೆನ್ನಿ. ಸಂಬಳವಿಲ್ಲ, ಇಬ್ಬರು ನೋಡಿಕೊಳ್ಳುವಷ್ಟು ವ್ಯಾಪಾರವೂ ಇಲ್ಲ. ಸಮೀಕ್ಷೆಗೆ ಅವನು ಉದ್ಯೋಗಸ್ಥ. ಮನೆಯ ಉದ್ಯಮದಲ್ಲಿ ವೇತನವಿಲ್ಲದೆ ದುಡಿಯುವ ಇಂತಹವರು 2017-18ರಲ್ಲಿ ಒಟ್ಟು ದುಡಿಯುವವರ ಶೇ. 13.6ರಷ್ಟಿದ್ದರು, 2023-24ರಲ್ಲಿ ಶೇ. 19.4ಕ್ಕೇರಿದರು. ಇದೇ ಅವಧಿಯಲ್ಲಿ ತಿಂಗಳ ಸಂಬಳದವರ ಪಾಲು ಶೇ. 22.8ರಿಂದ ಶೇ. 21.7ಕ್ಕೆ ಇಳಿಯಿತು. ನಿರುದ್ಯೋಗ ಅರ್ಧಕ್ಕಿಳಿದುದರ ಗುಟ್ಟು ಬಹುಮಟ್ಟಿಗೆ ಇಲ್ಲಿಯೇ ಇದೆ.

ಕರಾವಳಿಯ ಮನೆಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಸೌದಿ ಅರೇಬಿಯಾ 2011ರಲ್ಲಿ ನಿತಾಖತ್ ಜಾರಿಗೊಳಿಸಿತು, 2017ರಿಂದ ವಿದೇಶೀಯರ ಕುಟುಂಬ ಸದಸ್ಯರ ಮೇಲೆ ಶುಲ್ಕ ಹೇರಿತು, 2020ರಲ್ಲಿ ಕೊರೋನಾ ಬಂತು. ಹೀಗೆ ಮರಳಿದವರಲ್ಲಿ ಆಟೋ ಹಿಡಿದವರು, ಇರುವ ಹತ್ತು ಮೊಬೈಲ್ ಅಂಗಡಿಗಳ ಪಕ್ಕದಲ್ಲಿ ಹನ್ನೊಂದನೆಯದನ್ನು ತೆರೆದವರು ಎಷ್ಟಿಲ್ಲ? ಬೀಡಿ ಕಟ್ಟುವ ಮಹಿಳೆಗೆ ಹಿಂದಿನಷ್ಟು ಎಲೆ, ತಂಬಾಕು ಸಿಗುತ್ತಿಲ್ಲ. ವಾರದಲ್ಲಿ ಎರಡು ದಿನದ ಕೆಲಸ ಸಿಕ್ಕರೂ ಆಕೆ ಉದ್ಯೋಗಸ್ಥೆಯೇ.

ವಾಸ್ತವದಲ್ಲಿ ಬಡವನಿಗೆ ನಿರುದ್ಯೋಗಿಯಾಗಿರುವ ಅನುಕೂಲವಿಲ್ಲ. ಸಂಜೆ ಒಲೆ ಉರಿಯಬೇಕಾದರೆ ಸಿಕ್ಕಿದ ಕೂಲಿಗೆ ಹೋಗಲೇಬೇಕು. 2022ರಲ್ಲಿ ಓದುಬರಹ ಬಾರದ ಯುವಜನರಲ್ಲಿ ನಿರುದ್ಯೋಗ ಶೇ. 3.4, ಪದವೀಧರ ಯುವಜನರಲ್ಲಿ ಶೇ. 29.1 ಎಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹಾಗೂ ದಿಲ್ಲಿಯ ಮಾನವ ಅಭಿವೃದ್ಧಿ ಸಂಸ್ಥೆಯ ವರದಿ ತಿಳಿಸಿತು. ಇದನ್ನು ಕಂಡು 'ಓದಿಸಿ ಏನು ಪ್ರಯೋಜನ' ಎಂದು ಮಗನನ್ನು ಕಾಲೇಜು ಬಿಡಿಸುವ ತಂದೆ ಅಂಕಿಯನ್ನು ತಲೆಕೆಳಗಾಗಿ ಓದಿದ್ದಾನೆ. ಓದದವನಿಗೆ ಒಳ್ಳೆಯ ಕೆಲಸ ಸಿಕ್ಕಿದೆಯೆಂದು ಅದು ಹೇಳುವುದಿಲ್ಲ, ಅವನಿಗೆ ಕಾಯುವ ಶಕ್ತಿಯಿಲ್ಲವೆಂದಷ್ಟೇ ಹೇಳುತ್ತದೆ. ತಪ್ಪು ಪದವಿಯಲ್ಲಿಲ್ಲ, ಉತ್ಪಾದನೆ ಬೆಳೆದಷ್ಟು ನೌಕರಿ ಬೆಳೆಯದ ನಮ್ಮ ಆರ್ಥಿಕತೆಯಲ್ಲಿದೆ.

ಅಂಕಿಯನ್ನು ಆಳುವವರು ಲಘುವಾಗಿ ಕಾಣುವುದಿಲ್ಲ. ಶೇ. 6.1ರ ಆ ವರದಿ ಪ್ರಕಟವಾಗದೆ ಉಳಿದಾಗ, 2019ರ ಜನವರಿಯಲ್ಲಿ ರಾಷ್ಟ್ರೀಯ ಅಂಕಿಅಂಶ ಆಯೋಗದ ಪಿ.ಸಿ. ಮೋಹನನ್ ಮತ್ತು ಜೆ.ವಿ. ಮೀನಾಕ್ಷಿ ರಾಜೀನಾಮೆಯಿತ್ತರು. ವರದಿ ಹೊರಬಂದುದು ಚುನಾವಣೆ ಮುಗಿದು ಹೊಸ ಸರಕಾರ ಪ್ರಮಾಣವಚನ ಸ್ವೀಕರಿಸಿದ ಮರುದಿನ, ಮೇ 31ರಂದು. ಇಂದು ನಾವು ಸರಕಾರದಿಂದ ಕೇಳಬೇಕಾದುದು ಇಷ್ಟೇ: ನಿರುದ್ಯೋಗದ ಪ್ರಮಾಣ ಘೋಷಿಸುವಾಗಲೆಲ್ಲ ವೇತನವಿಲ್ಲದೆ ದುಡಿಯುವವರೆಷ್ಟು, ಸಂಬಳದವರೆಷ್ಟು ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಲಿ. ಅಂಕಿಗಳು ವರದಿಯಲ್ಲಿಯೇ ಇವೆ, ಭಾಷಣಕ್ಕೆ ಬರುತ್ತಿಲ್ಲ.

ಇದರಲ್ಲಿ ನಮ್ಮ ಮನೆಗಳ ಪಾಲೂ ಇದೆ. 2023-24ರಲ್ಲಿ ನಗರ ಪ್ರದೇಶದ ಮಹಿಳೆಯರಲ್ಲಿ ದುಡಿಮೆಯ ಲೆಕ್ಕದೊಳಗಿದ್ದವರು ಶೇ. 28 ಮಾತ್ರ. ಸಮೀಕ್ಷೆಯಲ್ಲಿ ಮನೆಯ ಒಬ್ಬರು ಉಳಿದವರ ಪರವಾಗಿಯೂ ಉತ್ತರಿಸುವುದುಂಟು. ಬಿ.ಎಡ್. ಮಾಡಿ ಶಾಲೆಗಳಿಗೆ ಅರ್ಜಿ ಹಾಕುತ್ತಿರುವ ಮಗಳ ಬಗ್ಗೆ 'ಮನೆಯಲ್ಲಿಯೇ ಇದ್ದಾಳೆ' ಎಂದು ತಂದೆ ಹೇಳಿದರೆ ಆಕೆ 'ಮನೆಗೆಲಸ'ದ ಸಾಲಿಗೆ ಸೇರುತ್ತಾಳೆ. ಆಕೆಯ ಪದವಿಯಾಗಲೀ ಅರ್ಜಿಗಳಾಗಲೀ ಯಾವ ನಿರುದ್ಯೋಗದ ಲೆಕ್ಕಕ್ಕೂ ಬರುವುದಿಲ್ಲ. ಸಮೀಕ್ಷಕರು ಬಾಗಿಲಿಗೆ ಬಂದಾಗ ಆಕೆಯನ್ನೇ ಕರೆಯಿರಿ, ತನ್ನ ಉತ್ತರವನ್ನು ಆಕೆಯೇ ಹೇಳಲಿ.